ಹಳೇ ಆಕ್ಟೇವಿಯಾ ಆರ್‌ಎಸ್ ತಗೊಂಡು ಇಂಜಿನ್ ಪವರ್ ಜಾಸ್ತಿ ಮಾಡಿಸಬಹುದಾ?

ಮಾಡಿಸಬಹುದು. ಆದರೆ ರೀಮ್ಯಾಪ್‌ಗೆ ಅಂತ, ಅಂದರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ (ಮ್ಯಾಪ್) ಬದಲಿಸಿ ಪವರ್ ಏರಿಸಲು ಅಂತ, ಎತ್ತಿಟ್ಟಿರುವ ದುಡ್ಡು ರೀಮ್ಯಾಪ್‌ಗೆ ಹೋಗಲ್ಲ. ಅದನ್ನು ಈಗಲೇ ಒಪ್ಪಿಕೊಂಡುಬಿಡಿ.

ನೀವು ನೋಡಿಟ್ಟಿರುವುದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್, ಕಾರು ಬೆಂಗಳೂರಿನಲ್ಲೇ ಇದೆ, ಕೊಂಡ ವಾರದಲ್ಲೇ 150 ಎಚ್‌ಪಿಯನ್ನು 200 ಮಾಡಿಸಬೇಕು ಅಂತ ಬರೆದಿದ್ದೀರಿ. ನನ್ನ ಹತ್ತಿರವೂ ಅದೇ ಕಾರಿದೆ, ಹಳದಿ ಬಣ್ಣದ್ದು, ನಾಲ್ಕು ವರ್ಷ ಆಯಿತು. ನಾನೂ ಹಾಗೇ ಅಂದುಕೊಂಡು ತಗೊಂಡವನು.

ಮೊದಲು ನಿಮ್ಮ ಆಯ್ಕೆ ಸರಿ ಇದೆ ಅಂತ ಹೇಳಿಬಿಡುತ್ತೇನೆ. ಪವರ್ ಏರಿಸುವ ಆಸೆ ಇದ್ದರೆ ಟರ್ಬೊ ಇರುವ ಕಾರನ್ನೇ ತಗೋಬೇಕು. ಪಾಲಿಯೊ 1.6 ಜಿಟಿಎಕ್ಸ್, ಹಳೇ ಹೊಂಡಾ ಸಿಟಿ ವಿಟೆಕ್ ಇವೆಲ್ಲ ಓಡಿಸಲು ಬಹಳ ಮಜಾ, ಒಂದು 100 ಎಚ್‌ಪಿ, ಇನ್ನೊಂದು 106. ಆದರೆ ಅವುಗಳ ಇಂಜಿನ್ ತಾನಾಗಿ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ. ಮ್ಯಾಪ್ ಬದಲಿಸಿದರೂ ಸಿಗುವುದು ಬೆರಳೆಣಿಕೆಯಷ್ಟು ಎಚ್‌ಪಿ, ಫಿಲ್ಟರ್ ಬದಲಿಸಿದರೆ ಸಿಗುವುದು ಬರೀ ಸದ್ದು. ಟರ್ಬೊ ಹಾಗಲ್ಲ, ಗಾಳಿಯನ್ನು ಒತ್ತಿ ತುಂಬುತ್ತದೆ. ಕಂಪ್ಯೂಟರಿನಲ್ಲಿ ಆ ಒತ್ತಡ ಸ್ವಲ್ಪ ಏರಿಸಿ ಪೆಟ್ರೋಲ್ ಹೊಂದಿಸಿದರೆ ನಿಜವಾಗಿಯೂ ಫರಕ್ ಗೊತ್ತಾಗುತ್ತದೆ. ಯುರೋಪಿನಲ್ಲಿ ಇದೇ ಆರ್‌ಎಸ್‌ಗೆ ಕಂಪನಿಯವರೇ 180 ಎಚ್‌ಪಿ ಕೊಟ್ಟಿದ್ದರು, ನಮ್ಮಲ್ಲಿಗೆ ಬಂದಿದ್ದು 150. ಹಾಗಾಗಿ 180, 190ರ ತನಕ ಹೋದರೆ ಈ ಇಂಜಿನ್‌ಗೆ ಅದು ಹೊಸದಲ್ಲ. ಕಂಪನಿಯ ಸಣ್ಣ ಟರ್ಬೊದಲ್ಲೇ 200 ಎಳೆಯಬೇಕು ಅಂದರೆ ಮಾತ್ರ ಅದರ ಪ್ರಾಣ ಹಿಂಡಿದ ಹಾಗೆ.

ಈಗ ನನ್ನ ಕಥೆ. ಕಾರು ತಗೊಂಡ ಎರಡನೇ ವಾರ ಸಕಲೇಶಪುರಕ್ಕೆ ಹೊರಟೆ. ಕುಣಿಗಲ್ ದಾಟಿದ ಮೇಲೆ ಒಂದು ಡೀಸೆಲ್ ಇನ್ನೋವಾವನ್ನು ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ಒತ್ತಿದೆ, ಬಾನೆಟ್ ಒಳಗಿಂದ ಸುಯ್ ಅಂತ ಶಬ್ದ ಬಂತು, ಕಾರು ಮುಂದಕ್ಕೆ ಹೋಗುವುದು ಬಿಟ್ಟು ಸುಮ್ನೆ ಕೂಗಿತು, ಇನ್ನೋವಾದವನು ಏನೂ ಆಗದವನ ಹಾಗೆ ಹೋಗಿಯೇ ಬಿಟ್ಟ. ಪಕ್ಕದಲ್ಲಿದ್ದ ತಮ್ಮ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ವಾಪಸ್ ಬಂದು ನೇರ ರೀಮ್ಯಾಪ್ ಮಾಡಿಸೋಣ ಅಂತ ಹೋದರೆ ನಮ್ಮ ಮೆಕ್ಯಾನಿಕ್, ವಯಸ್ಸಾದವರು, ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಿ, ಅಲ್ಲಿಂದ ಹೊಗೆ ಬಿಟ್ಟರು. ಒಂದು ನಿಮಿಷದಲ್ಲಿ ಇಂಜಿನ್ ಹಿಂಬದಿಯಿಂದ ತೆಳ್ಳಗೆ ಊದುಬತ್ತಿ ಹೊಗೆಯ ಹಾಗೆ ಮೇಲೆದ್ದಿತು. ಕೈ ಹಾಕಿ ಒಂದು ರಬ್ಬರ್ ಹೋಸ್ ಎಳೆದರು, ಹೆಬ್ಬೆರಳು ದಪ್ಪ, ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ವಯಸ್ಸಾದ ರಬ್ಬರ್, ಅಷ್ಟೇ. ಟರ್ಬೊ ಒತ್ತಿದ ಗಾಳಿ ಸಿಲಿಂಡರಿಗೆ ಹೋಗುವ ಬದಲು ಅಲ್ಲಿಂದ ಆಚೆ ಹೋಗುತ್ತಿತ್ತು. ಅದರ ಜೊತೆ ಇನ್ನೆರಡು ಹೋಸ್, ಹರಿದಿದ್ದ ಡೈವರ್ಟರ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಹೆಚ್ಚಿನ ಗಾಳಿಯನ್ನು ತಿರುಗಿಸುವ ವಾಲ್ವ್), ನಾಲ್ಕು ಸ್ಪಾರ್ಕ್ ಪ್ಲಗ್, ಒಂದು ಇಗ್ನಿಷನ್ ಕಾಯಿಲ್ ಹಾಕಿಸಿದೆ. ಕೂಲಿ ಸೇರಿ ರೀಮ್ಯಾಪ್ ಖರ್ಚಿನ ಅರ್ಧವೂ ಆಗಲಿಲ್ಲ. ಆಮೇಲೆ ಕಾರು ಎಳೆದ ರೀತಿ ನೋಡಿ ನಾನು ರೀಮ್ಯಾಪ್ ವಿಷಯವನ್ನೇ ಒಂದೂವರೆ ವರ್ಷ ಮರೆತೆ.

ಅಂದರೆ ನೀವು ಈಗ ಕೊಳ್ಳುವ ಕಾರಿನಲ್ಲಿ 150 ಎಚ್‌ಪಿ ಇದೆ ಅಂತ ಲೆಕ್ಕ ಹಾಕಬೇಡಿ. ಇಪ್ಪತ್ತು ವರ್ಷದ ಕಾರು, ಅದರಲ್ಲಿ ಎಷ್ಟು ಉಳಿದಿದೆಯೋ ಅಷ್ಟು. ಸೋರುವ ಇಂಜಿನ್‌ಗೆ ರೀಮ್ಯಾಪ್ ಮಾಡಿಸಿದರೆ ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಾಕಿದ ಹಾಗೆ. ಟರ್ಬೊ ಇನ್ನೂ ಜೋರಾಗಿ ತಿರುಗಿ ಬೇಗ ಸಾಯುತ್ತದೆ.

ಕೊಳ್ಳುವ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅಳೆಸಿ. ನಾಲ್ಕು ಸಿಲಿಂಡರ್ ಹೆಚ್ಚು ಕಮ್ಮಿ ಒಂದೇ ಸಮ ಇರಬೇಕು, ಒಂದು ಮಾತ್ರ ಕೆಳಗೆ ಬಿದ್ದಿದ್ದರೆ ಆ ಕಾರು ಬಿಟ್ಟುಬಿಡಿ, ಎಷ್ಟೇ ಅಗ್ಗಕ್ಕೆ ಕೊಟ್ಟರೂ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಬೆಲ್ಟ್) ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ. ಬಾಯಿಮಾತು ಬೇಡ, ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ತಿಳಿದು ಬೆಲೆಯಲ್ಲಿ ಕಮ್ಮಿ ಮಾಡಿಸಿ. ಈ ಇಂಜಿನ್‌ನಲ್ಲಿ ಬೆಲ್ಟ್ ಕಡಿದರೆ ವಾಲ್ವ್ ಬಾಗುತ್ತದೆ. ಬೆಲ್ಟ್ ಜೊತೆ ಟೆನ್ಷನರ್, ವಾಟರ್ ಪಂಪ್ ಕೂಡ ಹಾಕಿಸಿ. ಕ್ಲಚ್ ನೋಡಲು ನಾಲ್ಕನೇ ಗೇರಿನಲ್ಲಿ 50ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೇರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹಾಗಿದ್ದಾಗ ರೀಮ್ಯಾಪ್ ಮಾಡಿಸಿದರೆ ಜಾಸ್ತಿಯಾದ ಟಾರ್ಕ್ (ತಿರುಗಿಸುವ ಬಲ) ಎಲ್ಲ ಕ್ಲಚ್ ಸುಡಲು ಹೋಗುತ್ತದೆ.

ಬ್ರೇಕ್, ಟೈರ್, ಸಸ್ಪೆನ್ಷನ್ ಬುಷ್ ಇವನ್ನೆಲ್ಲ ಪವರ್ ಏರಿಸುವ ಮುಂಚೆ ಮಾಡಿಸಿ, ಇದರಲ್ಲಿ ಚರ್ಚೆಯೇ ಇಲ್ಲ.

ಪೆಟ್ರೋಲ್ ವಿಷಯ ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ಒತ್ತಡ ಜಾಸ್ತಿ ಮಾಡಿದಷ್ಟೂ ಸಿಲಿಂಡರ್ ಒಳಗೆ ಬಿಸಿ ಜಾಸ್ತಿ, ಕಿಡಿ ತಾಕುವ ಮುಂಚೆಯೋ ಹೊತ್ತಲ್ಲದ ಹೊತ್ತಿನಲ್ಲೋ ಪೆಟ್ರೋಲ್ ಹತ್ತಿಕೊಳ್ಳುತ್ತದೆ. ಟಣ್ ಟಣ್ ಅಂತ ಕೇಳುವ ನಾಕಿಂಗ್ ಅದೇ. ಕಂಪ್ಯೂಟರ್ ಅದನ್ನು ಹಿಡಿದು ಕಿಡಿ ಹತ್ತುವ ಹೊತ್ತನ್ನು ತಡ ಮಾಡುತ್ತದೆ, ನೀವು ದುಡ್ಡು ಕೊಟ್ಟು ತಂದ ಪವರ್ ಅಲ್ಲೇ ಹೋಯಿತು. ಅದಕ್ಕೇ 95 ಆಕ್ಟೇನ್ ಪೆಟ್ರೋಲ್ (ಆಕ್ಟೇನ್ ಜಾಸ್ತಿ ಇದ್ದಷ್ಟೂ ನಾಕಿಂಗ್ ಕಮ್ಮಿ) ಹಾಕಿಕೊಂಡೇ ಮ್ಯಾಪ್ ಮಾಡಿಸಿ, ಆಮೇಲೂ ಅದನ್ನೇ ಹಾಕಿ. ಇನ್ನು ಈಗ ಬಂಕ್‌ಗಳಲ್ಲಿ ಇ20 (ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್, ಹಳೇ ರಬ್ಬರ್‌ಗೆ ಆಗಿಬರಲ್ಲ) ಬಂದಿರುವುದರಿಂದ ಹಳೇ ಕಾರಿನ ಪೆಟ್ರೋಲ್ ಹೋಸ್‌ಗಳನ್ನು ಒಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಕಾಗದಪತ್ರ. 15 ವರ್ಷ ದಾಟಿದ ಕಾರಿಗೆ ಆರ್‌ಸಿ ಐದೈದು ವರ್ಷಕ್ಕೆ ಮಾತ್ರ ನವೀಕರಣ, ಅದಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು, ಗ್ರೀನ್ ಟ್ಯಾಕ್ಸ್ ಬೇರೆ. ಎಲ್ಲಿಯವರೆಗೆ ಕಟ್ಟಿದ್ದಾರೆ ನೋಡಿಯೇ ಅಡ್ವಾನ್ಸ್ ಕೊಡಿ. ಮಾಡಿಫಿಕೇಷನ್ ವಿಷಯದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ಹೊತ್ತಿನಲ್ಲಿ ತಗಾದೆ ಬರಬಹುದು. ಎಲ್ಲರೂ ಮಾಡಿಸುತ್ತಾರೆ ಅನ್ನುವುದು ಬೇರೆ ಮಾತು, ಗೊತ್ತಿದ್ದು ಮಾಡಿ. ಸೈಲೆನ್ಸರ್ ಮಾತ್ರ ಖಂಡಿತ ಮುಟ್ಟಬೇಡಿ, ಸದ್ದು ಕೇಳಿಯೇ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ.

ಕೊನೆಗೆ ನಾನೂ ರೀಮ್ಯಾಪ್ ಮಾಡಿಸಿದೆ, ಮಿತವಾದ ಮ್ಯಾಪ್. ಚೆನ್ನಾಗಿದೆ. ಆದರೆ ಆ ಹೋಸ್ ಬದಲಿಸಿದ ದಿನ ಆದಷ್ಟು ಖುಷಿ ಆಗಲಿಲ್ಲ.

ಕಾರು ನೋಡಲು ಹೋಗುವಾಗ ಇಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮಾರುವವರಿಗೆ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹಿಂದೆ ನಿಂತುಕೊಳ್ಳಿ, ನೀಲಿ ಹೊಗೆ ಬಂದರೆ ಎಲ್ಲೋ ಆಯಿಲ್ ಸುಡುತ್ತಿದೆ. ಬಾನೆಟ್ ಬಿಸಿ ಇದ್ದರೆ ಏನೂ ಕೇಳಬೇಡಿ, ಪಕ್ಕದಲ್ಲಿ ಎಲ್ಲಾದರೂ ಊಟ ಮುಗಿಸಿಕೊಂಡು ಮೂರು ಗಂಟೆ ಬಿಟ್ಟು ಮತ್ತೆ ಹೋಗಿ.