ಸಂಡೂರಿನ ಗಣಿ ನೆಲ ಚೇತರಿಸಿಕೊಂಡಿದೆಯೇ ಎಂದು ಉಪಗ್ರಹ ಚಿತ್ರ ನೋಡಿ ಹೇಳಬಹುದೇ?

ಬೆಂಗಳೂರಿನಲ್ಲಿ ಕುಳಿತೇ, ಉಪಗ್ರಹ ಚಿತ್ರಗಳನ್ನಷ್ಟೇ ನೋಡಿ, ಸಂಡೂರಿನ ಗಣಿ ಪ್ರದೇಶಕ್ಕೆ ಹಸಿರು ಮರಳಿದೆಯೇ ಎಂದು ತೀರ್ಮಾನಿಸಬಹುದೇ ಎಂದು ತಾವು ಕೇಳಿದ್ದೀರಿ. ನೆಲ ಎಷ್ಟು ಹಾಳಾಗಿದೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಚೇತರಿಸಿಕೊಂಡಿದೆ ಎಂಬುದನ್ನು ಮಾತ್ರ ಬರಿಯ ಚಿತ್ರವನ್ನು ನಂಬಿ ಹೇಳಲು, ಇದೇ ಊರಿನಲ್ಲಿ ಇದೇ ಕೆಲಸ ಮಾಡುವ ನಾನು ಒಪ್ಪುವುದಿಲ್ಲ.

ಹಾನಿಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಲ್ಯಾಂಡ್‌ಸ್ಯಾಟ್ 5 ಉಪಗ್ರಹ 1984ರಿಂದ ತೆಗೆದ 30 ಮೀಟರ್ ಚಿತ್ರಗಳೂ (ಅಂದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಅಗಲ), ಸೆಂಟಿನೆಲ್-2 ಉಪಗ್ರಹಗಳು 2015ರಿಂದ ತೆಗೆದ 10 ಮೀಟರ್ ಚಿತ್ರಗಳೂ ಈಗ ಉಚಿತವಾಗಿ ದೊರೆಯುವುದರಿಂದ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಮೊದಲು ಗುಡ್ಡಗಳು ಹೇಗಿದ್ದವು ಎಂಬುದನ್ನು ಇಂದಿಗೂ ನೋಡಬಹುದು. ಕಬ್ಬಿಣದ ಅದಿರಿನ ಮಣ್ಣು ಕೆಂಪು ಬೆಳಕನ್ನು ನೀಲಿಗಿಂತ ಹೆಚ್ಚಾಗಿ ಹಿಂದಿರುಗಿಸುತ್ತದೆ. ಚಿತ್ರದಲ್ಲಿನ ಕೆಂಪಿನ ಅಳತೆಯನ್ನು ನೀಲಿಯದರಿಂದ ಭಾಗಿಸಿದರೆ ಗಣಿ ಗುಂಡಿಯೂ ತ್ಯಾಜ್ಯದ ದಿಬ್ಬಗಳೂ ಎದ್ದು ಕಾಣುತ್ತವೆ.

ತೊಡಕಿರುವುದು ಹಸಿರಿನಲ್ಲಿ. ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ಕಾಣದ ಸಮೀಪದ ಅವಕೆಂಪು (ನಿಯರ್ ಇನ್‌ಫ್ರಾರೆಡ್) ಬೆಳಕನ್ನು ಪ್ರತಿಫಲಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ, ಹಸಿರು ಹೆಚ್ಚಿದಷ್ಟೂ ಏರುವ ಸೂಚ್ಯಂಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ವರ್ಷದ ಮಾರ್ಚ್ ಚಿತ್ರವನ್ನು ಮತ್ತೊಂದು ವರ್ಷದ ನವೆಂಬರ್ ಚಿತ್ರದೊಡನೆ ಹೋಲಿಸಿ, ದಿಬ್ಬಗಳೆಲ್ಲ ಹಸಿರಾಗಿವೆ ಎಂದು ಬರೆದುಕೊಟ್ಟಿದ್ದೆ. ಹಿರಿಯರೊಬ್ಬರು ಏನನ್ನೂ ಹೇಳದೆ ಎರಡು ದಿನಾಂಕಗಳ ಕೆಳಗೆ ಗೆರೆ ಎಳೆದು ಹಿಂದಿರುಗಿಸಿದರು. ಸಂಡೂರಿನದು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ನಾನು ಅಳೆದಿದ್ದು ಮಳೆಗಾಲವನ್ನು.

ಆದ್ದರಿಂದ ಪ್ರತಿ ವರ್ಷವೂ ಒಂದೇ ತಿಂಗಳ ಚಿತ್ರವನ್ನು ತೆಗೆದುಕೊಳ್ಳಿ. ಸಾಧ್ಯವಾದರೆ ಬೇಸಿಗೆಯದನ್ನೂ ನೋಡಿ, ಏಕೆಂದರೆ ಸುತ್ತಲಿನ ಕಾಡು ಬೋಳಾಗಿರುವಾಗ ದಿಬ್ಬವೊಂದೇ ಹಸಿರಾಗಿದ್ದರೆ ಅಲ್ಲಿ ಬೆಳೆದಿರುವುದು ಬೇಸಿಗೆಯಲ್ಲೂ ಹಸಿರಾಗಿಯೇ ಇರುವ, ಹೊರಗಿನಿಂದ ಬಂದ ಮುಳ್ಳುಗಿಡ ಬಳ್ಳಾರಿ ಜಾಲಿ ಇರಬಹುದು ಎಂದು ಅನುಮಾನಿಸಬೇಕು. ಅಂಥ ಒಂದು ದಿಬ್ಬವನ್ನು ಹತ್ತಿ ನೋಡಿದ್ದೇನೆ: ಮೇಲೆ ಜಾಲಿಯ ನೆರಳು ದಟ್ಟವಾಗಿತ್ತು, ಕೆಳಗೆ ತರಗೆಲೆಯ ಹೊದಿಕೆಯೇ ಇರಲಿಲ್ಲ, ಮಳೆನೀರು ಕೊರೆದ ಕೊರಕಲುಗಳಲ್ಲಿ ಮೊಣಕಾಲಿನವರೆಗೆ ಕಾಲು ಇಳಿಯುತ್ತಿತ್ತು. ಸೂಚ್ಯಂಕದ ಪ್ರಕಾರ ಅದು ಒಳ್ಳೆಯ ಜಾಗ!

ಎತ್ತರದ ಬದಲಾವಣೆಗೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು, ಇಸ್ರೋದ ಕಾರ್ಟೊಸ್ಯಾಟ್-1 ಉಪಗ್ರಹ ಒಂದೇ ಜಾಗವನ್ನು ಎರಡು ಕೋನಗಳಿಂದ ತೆಗೆದ ಜೋಡಿ ಚಿತ್ರಗಳಿಂದ ಪಡೆದ ಎತ್ತರದೊಡನೆ ಹೋಲಿಸಬಹುದು. ಆದರೆ ಕೆಲವೇ ಮೀಟರುಗಳ ವ್ಯತ್ಯಾಸವನ್ನು ನಂಬಬೇಡಿ.

ಕಲಿಯುವ ಉದ್ದೇಶವಿದ್ದರೆ ಸಂಡೂರಿಗಿಂತ ಮೊದಲು ನಮ್ಮ ಬೆಟ್ಟಹಲಸೂರಿನ ಕಲ್ಲು ಕ್ವಾರಿಗಳಿಂದ ಆರಂಭಿಸಿ. ನೀರು ನಿಂತ ಗುಂಡಿಗಳು ಅವಕೆಂಪು ಪಟ್ಟಿಯಲ್ಲಿ ಕಪ್ಪಾಗಿಯೂ ಒಡೆದ ಕಲ್ಲು ಬಿಳಿಚಿಕೊಂಡೂ ಕಾಣುತ್ತವೆ, ಮತ್ತು ಚಿತ್ರದಲ್ಲಿ ಕಂಡದ್ದು ನಿಜವೇ ಎಂದು ನೋಡಿಬರಲು ಒಂದು ಭಾನುವಾರದ ಬೆಳಗ್ಗೆ ಸಾಕು.