ಕಿರುಮೆದುಳಿಗೆ ಸಮತೋಲನ ಕಾಯುವುದಷ್ಟೇ ಕೆಲಸವಾ? ಇಲಿಗಳಿಂದ ಏನು ಗೊತ್ತಾಗಿದೆ?

ಸರ್, ನೀವು ಕೇಳಿರುವುದು ಇಷ್ಟು: ಹತ್ತನೇ ತರಗತಿಯ ಪಾಠದಲ್ಲಿ ಅನುಮಸ್ತಿಷ್ಕದ (ಕಿರುಮೆದುಳಿನ) ಕೆಲಸ ಅಂದರೆ ನೇರವಾಗಿ ನಡೆಯುವುದು, ಸೈಕಲ್ ಹೊಡೆಯುವುದು, ಪೆನ್ಸಿಲ್ ಎತ್ತಿಕೊಳ್ಳುವುದು ಅಂತಿದೆ. ಆದರೆ ಕಿರುಮೆದುಳಲ್ಲಿ ತೊಂದರೆ ಇರುವ ಇಲಿಗಳು ಬೇರೆ ಇಲಿಗಳ ಜೊತೆ ಬೆರೆಯುವುದಿಲ್ಲ ಅಂತ ನಿಮ್ಮ ವಿದ್ಯಾರ್ಥಿನಿಯೊಬ್ಬಳು ಎಲ್ಲೋ ಓದಿದ್ದಾಳೆ. ನಡಿಗೆಯೂ ಗೆಳೆತನವೂ ಒಂದೇ ಭಾಗದ ಕೆಲಸ ಹೇಗಾಗುತ್ತದೆ ಅಂತ ಅವಳ ಪ್ರಶ್ನೆ.

ಎಷ್ಟು ಒಳ್ಳೆಯ ಪ್ರಶ್ನೆ! ನಾನು ಆರು ವರ್ಷ ಇಲಿಗಳ ಕಿರುಮೆದುಳಿನ ಮೇಲೆ ಕೆಲಸ ಮಾಡಿದವಳು. ಈ ಕ್ಷೇತ್ರದವರು ಇವತ್ತಿಗೂ ತಲೆ ಕೆಡಿಸಿಕೊಂಡಿರುವುದು ಇದಕ್ಕೇ.

ನಾನು ಮೊದಲು ನೋಡಿದ್ದರಿಂದಲೇ ಶುರು ಮಾಡುತ್ತೇನೆ. ಲರ್ಚರ್ ಅಂತ ಒಂದು ತಳಿಯ ಇಲಿ ಇದೆ. ಹೆಸರಿನ ಅರ್ಥವೇ ಜೋಲಿ ಹೊಡೆಯುವುದು. 1960ರಲ್ಲಿ ಇದರ ವಿವರ ಮೊದಲು ಪ್ರಕಟವಾಯಿತು. ಒಂದೇ ಒಂದು ಜೀನ್‌ನಲ್ಲಿನ ಬದಲಾವಣೆಯಿಂದ ಇದರ ಕಿರುಮೆದುಳಿನ ಮುಖ್ಯ ಕೋಶಗಳು ಚಿಕ್ಕಂದಿನಲ್ಲೇ ಸತ್ತುಹೋಗುತ್ತವೆ. ಪಂಜರದ ಮುಚ್ಚಳ ತೆಗೆದಾಗ ಅದು ನನ್ನ ಕಡೆ ಮೂತಿ ಎತ್ತಿ ಮೂಸಿತು. ಹೆಜ್ಜೆ ಇಟ್ಟಿತು, ಸೊಂಟ ಒಂದು ಕಡೆ ಜಾರಿ ಪಕ್ಕಕ್ಕೆ ಬಿತ್ತು. ಎದ್ದಿತು, ಮತ್ತೆ ಎರಡು ಹೆಜ್ಜೆ, ಮತ್ತೆ ಬಿತ್ತು. ಮೇಲಿನ ಕಂಬಿಯಿಂದ ಕಾಳು ಎಳೆದು ತಿನ್ನುವುದು ಅದಕ್ಕೆ ಕಷ್ಟ ಅಂತ ನೆನೆಸಿದ ಆಹಾರವನ್ನು ಕೆಳಗೇ ಇಟ್ಟಿದ್ದೆವು. ಬೀಳುತ್ತಾ ಏಳುತ್ತಾ ಅಲ್ಲಿಗೇ ಹೋಗಿ ತಿಂದಿತು.

ಅವತ್ತು ನನಗೆ ಒಂದು ವಿಷಯ ಚೆನ್ನಾಗಿ ಮನಸ್ಸಿಗೆ ಬಂತು. ಈ ಇಲಿಗೆ ಲಕ್ವ ಹೊಡೆದಿಲ್ಲ. ಕಾಲಲ್ಲಿ ಶಕ್ತಿ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದೆ, ಹೋಗುವ ಆಸೆಯೂ ಇದೆ. ಇಲ್ಲದಿರುವುದು ಬೇರೆ ಏನೋ.

ಆ 'ಬೇರೆ ಏನೋ' ಏನು ಅನ್ನುವುದನ್ನು ಲಿಸ್ಬನ್‌ನ ಶಾಂಪಾಲಿಮೋ ಸಂಸ್ಥೆಯಲ್ಲಿ ಮೇಗನ್ ಕೇರಿ ಅವರ ಗುಂಪು 2015ರಲ್ಲಿ ಬಹಳ ಚೆಂದವಾಗಿ ತೋರಿಸಿತು. ಗಾಜಿನ ಓಣಿಯಲ್ಲಿ ಇಲಿಯನ್ನು ನಡೆಯಲು ಬಿಟ್ಟರು. ಕೆಳಗೆ ಓರೆಯಾಗಿ ಕನ್ನಡಿ ಇಟ್ಟು, ಪಕ್ಕದಿಂದಲೂ ಅಡಿಯಿಂದಲೂ ಒಟ್ಟಿಗೆ ಕಾಣುವ ಹಾಗೆ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಕಿರುಮೆದುಳು ಕೆಟ್ಟ ಇಲಿಗಳ ನಾಲ್ಕು ಪಾದಗಳನ್ನೂ ಒಂದೊಂದಾಗಿ ನೋಡಿದರೆ, ಪಾದ ಮುಂದೆ ಹೋಗುವ ರೀತಿ ಹೆಚ್ಚುಕಡಿಮೆ ಸರಿಯೇ ಇತ್ತು. ಅವು ಸಣ್ಣ ಗಾತ್ರದವು, ನಿಧಾನವಾಗಿ ನಡೆಯುವವು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕಿತ್ತು. ಕೆಟ್ಟಿದ್ದು ಹೊಂದಾಣಿಕೆ. ಮುಂಗಾಲಿಗೂ ಹಿಂಗಾಲಿಗೂ ತಾಳ ಕೂಡುತ್ತಿರಲಿಲ್ಲ.

ಆಮೇಲೆ ಬಾಲ. ನನಗೆ ತುಂಬ ಇಷ್ಟವಾದ ಭಾಗ ಇದು. ಆರೋಗ್ಯವಾಗಿರುವ ಇಲಿ ನಡೆಯುವಾಗ ಸೊಂಟ ಆ ಕಡೆ ಈ ಕಡೆ ಓಲಾಡುತ್ತದೆ, ಆದರೆ ಬಾಲ ಸುಮಾರಾಗಿ ನೆಟ್ಟಗೇ ಇರುತ್ತದೆ. ಸುಮ್ನೆ ಹಾಗಿರುವುದಿಲ್ಲ. ಸೊಂಟ ಈಗ ಯಾವ ಕಡೆ ವಾಲುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಬಾಲವನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಿರುಮೆದುಳು ಕೆಟ್ಟ ಇಲಿಯ ಬಾಲ ಹಗ್ಗದ ಹಾಗೆ ಹಿಂಗಾಲಿನ ಹಿಂದೆ ಬೀಸಾಡುತ್ತದೆ. ಅಂದರೆ, ತನ್ನ ಒಂದು ಅಂಗದ ಚಲನೆಯಿಂದ ಇನ್ನೊಂದಕ್ಕೆ ಏನಾಗುತ್ತದೆ ಅನ್ನುವ ಮುಂದಾಲೋಚನೆ ಅದಕ್ಕಿಲ್ಲ.

ಮುಂದೆ ಏನಾಗುತ್ತದೆ ಅಂತ ಅಂದಾಜು ಮಾಡುವುದು, ಅಂದಾಜು ತಪ್ಪಿದರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುವುದು. ಕಿರುಮೆದುಳಿನ ಕೆಲಸ ಇದು ಅಂತ ಹಿಡಿದುಕೊಂಡರೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ದಾರಿ ಸಿಗುತ್ತದೆ. ಸಮತೋಲನ ಅನ್ನುವುದು ಈ ಕೆಲಸದ ಒಂದು ಫಲ ಅಷ್ಟೇ.

ಒಳಗಿನ ರಚನೆ ನೋಡಿದರೂ ಹಾಗೇ ಅನಿಸುತ್ತದೆ. ಇಲಿಯ ಮೆದುಳಿನ ತೂಕ ಅರ್ಧ ಗ್ರಾಂ ಕೂಡ ಇಲ್ಲ. ಅದರಲ್ಲಿ ಸುಮಾರು 7 ಕೋಟಿ ನರಕೋಶ, ಆ 7ರಲ್ಲಿ 4 ಕೋಟಿ ಕಿರುಮೆದುಳಲ್ಲೇ ಇವೆ! ಬಹುಪಾಲು ಗ್ರಾನ್ಯೂಲ್ ಕೋಶಗಳು, ತೀರಾ ಚಿಕ್ಕವು. ಇವುಗಳ ಎಳೆಗಳೆಲ್ಲ ಹೋಗಿ ಪರ್ಕಿಂಜಿ ಕೋಶಗಳನ್ನು ಮುಟ್ಟುತ್ತವೆ. 1837ರಲ್ಲಿ ಇವನ್ನು ವಿವರಿಸಿದ ಚೆಕ್ ವಿಜ್ಞಾನಿಯ ಹೆಸರೇ ಇವಕ್ಕೆ. ಸೂಕ್ಷ್ಮದರ್ಶಕದಲ್ಲಿ ಒಂದು ಪರ್ಕಿಂಜಿ ಕೋಶ ನೋಡಿದರೆ, ಪುಸ್ತಕದ ಹಾಳೆಗಳ ನಡುವೆ ಇಟ್ಟು ಒಣಗಿಸಿದ ಪುಟ್ಟ ಗಿಡದ ಹಾಗೆ ಚಪ್ಪಟೆಯಾಗಿ ಕವಲೊಡೆದಿರುತ್ತದೆ. ಅದಕ್ಕೆ ಲಕ್ಷಕ್ಕಿಂತ ಜಾಸ್ತಿ ಕಡೆಯಿಂದ ಗ್ರಾನ್ಯೂಲ್ ಕೋಶಗಳ ಸುದ್ದಿ ಬರುತ್ತದೆ: ಕಾಲು ಎಲ್ಲಿದೆ, ಏನು ಕಾಣಿಸಿತು, ಏನು ಕೇಳಿಸಿತು. ಇದಲ್ಲದೆ ಮೆದುಳಿನ ಬುಡದಿಂದ ಒಂದೇ ಒಂದು ಎಳೆ ಬಂದು ಬಳ್ಳಿಯ ಹಾಗೆ ಆ ಗಿಡಕ್ಕೆ ಸುತ್ತಿಕೊಳ್ಳುತ್ತದೆ. ಈ ಬಳ್ಳಿ ಸೆಕೆಂಡಿಗೆ ಸುಮಾರು ಒಂದು ಸಲ ಮಾತ್ರ ಮಾತಾಡುತ್ತದೆ. ಮಾತಾಡಿದರೆ ಇಡೀ ಕೋಶ ಅಲ್ಲಾಡಿ ಹೋಗುತ್ತದೆ. 'ಅಂದುಕೊಂಡ ಹಾಗೆ ಆಗಲಿಲ್ಲ' ಅನ್ನುವ ಸುದ್ದಿ ತರುವುದು ಈ ಬಳ್ಳಿ ಅಂತ 1969ರಲ್ಲಿ ಡೇವಿಡ್ ಮಾರ್, 1971ರಲ್ಲಿ ಜೇಮ್ಸ್ ಆಲ್ಬಸ್ ಊಹೆಯ ದಾರಿ ತೋರಿಸಿದರು. ಜಪಾನಿನ ಮಸಾವೋ ಇಟೋ ಅದಕ್ಕೆ ಪ್ರಯೋಗದ ಬಲ ಕೊಟ್ಟರು.

ಈ ಕಲಿಕೆಯನ್ನು ಕಣ್ಣಾರೆ ನೋಡಬೇಕಾದರೆ ಕಣ್ಣು ಮಿಟುಕಿಸುವ ಪಾಠ ನೋಡಬೇಕು. ಇಲಿ ಒಂದು ಚಕ್ರದ ಮೇಲೆ ನಿಂತಿರುತ್ತದೆ, ಬೇಕೆಂದಾಗ ಓಡಬಹುದು. ಪುಟ್ಟ ದೀಪ ಹೊತ್ತುತ್ತದೆ. ಸುಮಾರು ಕಾಲು ಸೆಕೆಂಡ್ ಆದ ಮೇಲೆ ಕಣ್ಣಿಗೆ ಪುಸ್ಸೆಂದು ಗಾಳಿ. ಮೊದಲ ದಿನ ಗಾಳಿ ತಾಗಿದ ಮೇಲೆ ಕಣ್ಣು ಮುಚ್ಚುತ್ತದೆ. ಕೆಲವು ದಿನ ಹೋದರೆ, ದೀಪ ಹೊತ್ತಿದಾಗಲೇ ರೆಪ್ಪೆ ಇಳಿಯಲು ಶುರುವಾಗಿ, ಗಾಳಿ ಬರುವ ಹೊತ್ತಿಗೆ ಸರಿಯಾಗಿ ಪೂರ್ತಿ ಮುಚ್ಚಿರುತ್ತದೆ. ಗಂಟೆಗಟ್ಟಲೆ ಕತ್ತಲ ಕೋಣೆಯಲ್ಲಿ ಕೂತು ಪರದೆಯ ಮೇಲೆ ಆ ರೆಪ್ಪೆಯನ್ನೇ ನೋಡುತ್ತಿದ್ದವಳು ನಾನು. ಮೊದಲ ಸಲ ಅದು ಗಾಳಿಗಿಂತ ಮುಂಚೆ ಅಲುಗಿದ್ದು ನೋಡಿದಾಗ ಮೈ ಜುಮ್ಮೆಂದಿತ್ತು.

ಆಗ ಒಳಗೆ ಏನಾಗುತ್ತದೆ ಗೊತ್ತಾ? ಪರ್ಕಿಂಜಿ ಕೋಶದ ಕೆಲಸವೇ ಮುಂದಿನ ಕೋಶವನ್ನು ತಡೆಹಿಡಿಯುವುದು. ಅದು ಯಾವಾಗಲೂ ಪಟಪಟ ಅನ್ನುತ್ತಲೇ ಇರುತ್ತದೆ. ಪಾಠ ಕಲಿತ ಮೇಲೆ, ಗಾಳಿ ಬರುವುದಕ್ಕೆ ಸ್ವಲ್ಪ ಮುಂಚೆ ಅದು ಸುಮ್ಮನಾಗುತ್ತದೆ. ತಡೆ ಬಿಟ್ಟಿತು, ರೆಪ್ಪೆ ಇಳಿಯಿತು. 1980ರ ದಶಕದಲ್ಲೇ ಅಮೆರಿಕದ ರಿಚರ್ಡ್ ಥಾಂಪ್ಸನ್ ಅವರ ತಂಡ ಮೊಲಗಳಲ್ಲಿ ಇದರ ಬುನಾದಿ ಹಾಕಿತ್ತು. ಕಿರುಮೆದುಳಿನ ಆಳದಲ್ಲಿ ಒಂದು ಚಿಕ್ಕ ಜಾಗ ಕೆಡಿಸಿದರೆ ಕಲಿತ ಮಿಟುಕು ಹೋಗುತ್ತದೆ, ಗಾಳಿ ತಾಗಿದಾಗಿನ ಸಹಜ ಮಿಟುಕು ಹಾಗೇ ಉಳಿಯುತ್ತದೆ. ಕೇರಿ ಅವರ ಗುಂಪು 2018ರಲ್ಲಿ ಇನ್ನೊಂದು ಸಂಗತಿ ಸೇರಿಸಿತು: ಚಕ್ರದ ಮೇಲೆ ಜೋರಾಗಿ ಓಡುವ ಇಲಿ ಈ ಪಾಠವನ್ನು ಚೆನ್ನಾಗಿ ಕಲಿಯುತ್ತದೆ. ಮೋಟಾರ್ ಹಾಕಿ ಓಡಿಸಿದರೂ ಅಷ್ಟೇ.

ಒಂದು ಮಾತು ಹೇಳಲೇಬೇಕು. ಬಳ್ಳಿ ಮಾತಾಡಿದಾಗ ಗ್ರಾನ್ಯೂಲ್ ಕೋಶಕ್ಕೂ ಪರ್ಕಿಂಜಿ ಕೋಶಕ್ಕೂ ನಡುವಿನ ಕೊಂಡಿ ಸಡಿಲವಾಗುತ್ತದೆ ಅಂತ ಇಟೋ ಹೇಳಿದ್ದರು. ಆ ಬದಲಾವಣೆ ನಡೆಯದ ಹಾಗೆ ಜೀನ್ ತಿದ್ದಿದ ಇಲಿಗಳೂ ಚಲನೆಯ ಪಾಠಗಳನ್ನು ಕಲಿತವು ಅಂತ 2011ರಲ್ಲಿ ನೆದರ್ಲೆಂಡ್ಸಿನ ತಂಡವೊಂದು ತೋರಿಸಿತು. ಆದ್ದರಿಂದ ಕಲಿಕೆ ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ ಆಗುತ್ತದೆ ಅಂತ ಮಕ್ಕಳಿಗೆ ಹೇಳಬೇಡಿ.

ಈಗ ಗೆಳೆತನದ ವಿಷಯ. ಕಿರುಮೆದುಳಿನಿಂದ ಹೊರಡುವ ದಾರಿಗಳು ಬರೀ ಕಾಲು, ರೆಪ್ಪೆಗಳ ಕಡೆಗೆ ಹೋಗುವುದಿಲ್ಲ. ಸುದ್ದಿ ಒಳಗೆ ಬರುವ ಕಡೆಯೂ ಬರೀ ಚಲನೆಯದಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇಲಿಗಳಿಗೆ ಹಿಡಿಕೆ ತಳ್ಳಿ ಸಕ್ಕರೆ ನೀರು ಕುಡಿಯುವುದನ್ನು ಕಲಿಸಿದರು. ಗ್ರಾನ್ಯೂಲ್ ಕೋಶಗಳಲ್ಲಿ ಕೆಲವು ಸಕ್ಕರೆ ನೀರು ಬರುತ್ತದೆ ಅಂತ ಕಾಯುವಾಗಲೇ ಚುರುಕಾದವು. ಇನ್ನು ಕೆಲವು ಬರಬೇಕಾದದ್ದು ಬರದಿದ್ದಾಗ ಚುರುಕಾದವು. ನಿರೀಕ್ಷೆ, ನಿರಾಸೆ ಎರಡೂ ಅಲ್ಲಿವೆ.

ನಿಮ್ಮ ವಿದ್ಯಾರ್ಥಿನಿ ಓದಿದ್ದು ಬಹುಶಃ 2012ರ ಕೆಲಸದ ಬಗ್ಗೆ. ಪೀಟರ್ ತ್ಸಾಯ್, ಮುಸ್ತಫಾ ಸಾಹಿನ್ ಮತ್ತು ಜೊತೆಯವರು ಬಾಸ್ಟನ್‌ನಲ್ಲಿ ಮಾಡಿದ್ದು. ಆಟಿಸಂ ಜೊತೆ ನಂಟಿರುವ ಟಿಎಸ್‌ಸಿ1 ಅನ್ನುವ ಜೀನನ್ನು ಪರ್ಕಿಂಜಿ ಕೋಶಗಳಲ್ಲಿ ಮಾತ್ರ ತೆಗೆದರು, ಮೆದುಳಿನ ಬೇರೆ ಭಾಗ ಮುಟ್ಟಲಿಲ್ಲ. ಆಮೇಲೆ ಮೂರು ಕೋಣೆಗಳ ಪೆಟ್ಟಿಗೆಯಲ್ಲಿ ಬಿಟ್ಟರು: ಒಂದು ಬದಿಯಲ್ಲಿ ಅಪರಿಚಿತ ಇಲಿ, ಇನ್ನೊಂದು ಬದಿಯಲ್ಲಿ ಬರೀ ವಸ್ತು. ಆರೋಗ್ಯದ ಇಲಿ ಇನ್ನೊಂದು ಇಲಿಯ ಹತ್ತಿರ ಜಾಸ್ತಿ ಹೊತ್ತು ಕಳೆಯುತ್ತದೆ. ಈ ಇಲಿಗಳಿಗೆ ಎರಡೂ ಒಂದೇ. ಮೈ ನೆಕ್ಕಿಕೊಳ್ಳುವುದು ಅತಿಯಾಯಿತು. ನೀರಿನಲ್ಲಿ ಈಜಿ ಹೋಗಿ ಕಾಲೂರಿ ನಿಲ್ಲುವ ಜಾಗ ಎಲ್ಲಿದೆ ಅಂತ ಕಲಿತವು, ಆದರೆ ಆ ಜಾಗ ಬದಲಾಯಿಸಿದಾಗ ಹಳೆಯ ಕಡೆಗೇ ಹೋಗುತ್ತಿದ್ದವು. ಮರಿಯಾಗಿದ್ದಾಗಲೇ ರಾಪಾಮೈಸಿನ್ ಔಷಧಿ ಶುರು ಮಾಡಿದ್ದರೆ ಈ ತೊಂದರೆಗಳು ಬರಲಿಲ್ಲ.

2019ರಲ್ಲಿ ನ್ಯೂಯಾರ್ಕ್‌ನ ಕಮ್ರಾನ್ ಖೊಡಾಖಾ ಅವರ ತಂಡ ಒಂದು ದಾರಿಯನ್ನೇ ತೋರಿಸಿತು. ಕಿರುಮೆದುಳಿನ ಆಳದ ಕೋಶಗಳಿಂದ ಮೆದುಳಿನ ಡೋಪಮೈನ್ ಕೇಂದ್ರಕ್ಕೆ, ಅಂದರೆ ಆಸೆ, ಬಹುಮಾನಗಳಿಗೆ ಸಂಬಂಧಿಸಿದ ಜಾಗಕ್ಕೆ, ನೇರ ಎಳೆಗಳಿವೆ. ಇಲಿ ಇನ್ನೊಂದು ಇಲಿ ಇರುವ ಕೋಣೆಗೆ ಹೋದಾಗ ಈ ದಾರಿ ಚುರುಕಾಗುತ್ತದೆ. ಬೆಳಕು ಹಾಯಿಸಿ ಇದನ್ನು ತಡೆದರೆ ಆ ಕೋಣೆಯ ಮೇಲಿನ ಒಲವೇ ಹೋಗುತ್ತದೆ.

ಅಂದರೆ ಯಂತ್ರ ಒಂದೇ, ತಂತಿ ಎಲ್ಲಿಗೆ ಎಳೆದಿದೆ ಅನ್ನುವುದು ಬೇರೆ. ಕಾಲಿನ ಕಡೆ ಎಳೆದಿದ್ದರೆ ಮುಂದಿನ ಹೆಜ್ಜೆಯ ಅಂದಾಜು. ಆಸೆ, ಬಹುಮಾನಗಳ ಕಡೆ ಎಳೆದಿದ್ದರೆ ಎದುರಿಗಿರುವ ಜೀವ ಮುಂದೇನು ಮಾಡುತ್ತದೆ ಅನ್ನುವ ಅಂದಾಜು ಇರಬಹುದು ಅಂತ ನನ್ನ ನಂಬಿಕೆ. ಮೊದಲನೆಯದಕ್ಕೆ ಗಟ್ಟಿ ಸಾಕ್ಷಿ ಇದೆ. ಎರಡನೆಯದು ಇನ್ನೂ ಕಟ್ಟುತ್ತಿರುವ ಮನೆ. ದಯವಿಟ್ಟು ಇದನ್ನು ಆಟಿಸಂಗೆ ಮದ್ದು ಸಿಕ್ಕಿತು ಅಂತ ಯಾರಿಗೂ ಹೇಳಬೇಡಿ. ಮನೆಯಲ್ಲಿ ಅಂಥ ಮಗು ಇರುವ ಅಪ್ಪ ಅಮ್ಮಂದಿರು ಇಂಥ ಸುದ್ದಿ ಓದಿ ಎಷ್ಟು ಆಸೆ ಇಟ್ಟುಕೊಳ್ಳುತ್ತಾರೆ ಅಂತ ನನಗೆ ಗೊತ್ತು. ಇಲಿಯ ಪೆಟ್ಟಿಗೆಗೂ ಮಗುವಿನ ಬದುಕಿಗೂ ನಡುವೆ ದೂರ ಬಹಳ ಇದೆ.

ತರಗತಿಯಲ್ಲಿ ಇಲಿ ಬೇಡ, ಒಂದು ದಪ್ಪ ಪುಸ್ತಕ ಸಾಕು. ಆ ಹುಡುಗಿಗೆ ಎಡ ಅಂಗೈ ಮೇಲೆ ಪುಸ್ತಕ ಇಟ್ಟುಕೊಂಡು ಕಣ್ಣು ಮುಚ್ಚಲು ಹೇಳಿ. ಮೊದಲು ನೀವು ಪುಸ್ತಕವನ್ನು ಗಕ್ಕನೆ ಎತ್ತಿ. ಅವಳ ಕೈ ಮೇಲಕ್ಕೆ ಹಾರುತ್ತದೆ. ಆಮೇಲೆ ಅವಳೇ ತನ್ನ ಬಲಗೈಯಿಂದ ಅದೇ ಪುಸ್ತಕ ಎತ್ತಲಿ. ಎಡಗೈ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಯಾಕೆ ಅಂತ ಮಕ್ಕಳನ್ನೇ ಕೇಳಿ. ಅವರು ಏನು ಹೇಳಿದರು ಅಂತ ಇಲ್ಲಿ ಬರೆದರೆ ನನಗೆ ತುಂಬ ಖುಷಿಯಾಗುತ್ತದೆ.