ಸಹಿ ಹಾಕೋ ಮುಂಚೆ

ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಮನೆ ಸಿಗುತ್ತಾ, ಚಳಿ ತಡೆಯಬಹುದಾ, ಯೂನಿಯನ್‌ಗೆ ತಿಂಗಳ ಸಂಬಳದಲ್ಲಿ 1% ಕೊಡೋದು ದಂಡ ಅಲ್ವಾ ಅಂತ ಕೇಳಿದ್ದೀರಿ. ಮನೆ ಕಷ್ಟ, ಈಗಿನಿಂದಲೇ ಹುಡುಕಿ. ಜಾಕೆಟ್ ಇಲ್ಲಿಗೆ ಬಂದಮೇಲೆ ಕೊಳ್ಳಿ. ಸೋನಾ ಮಸೂರಿ ಸಿಗುತ್ತದೆ, ಹೊತ್ತು ತರಬೇಡಿ.

ಯೂನಿಯನ್ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ಎಚ್‌ಎಂಟಿಯಲ್ಲಿದ್ದರು. 1980-81ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು ಎರಡು ತಿಂಗಳಿಗೂ ಜಾಸ್ತಿ ಮುಷ್ಕರ ಹೂಡಿದಾಗ ಅಪ್ಪ ಗೇಟಿನಲ್ಲಿ, ಅಮ್ಮ ಶೆಟ್ಟರ ಅಂಗಡಿಯ ಸಾಲದ ಪುಸ್ತಕದಲ್ಲಿ. ಅದನ್ನು ನೋಡಿ ಬೆಳೆದ ನನಗೆ ಯೂನಿಯನ್ ಅಂದರೇ ಅಲರ್ಜಿ. ಸಾಫ್ಟ್‌ವೇರ್‌ನವರಿಗೆ ಅದೆಲ್ಲ ಯಾಕೆ ಅಂದುಕೊಂಡೇ 2006ರಲ್ಲಿ ಇಲ್ಲಿಗೆ ಬಂದೆ.

ಏಳು ವರ್ಷ ಆದಮೇಲೆ ನಮ್ಮ ತಂಡದ ಕೆಲಸವನ್ನು ಕಂಪನಿ ಬೇರೆ ದೇಶಕ್ಕೆ ಸಾಗಿಸಿತು. ಎಲ್ಲಿಗೆ? ಬೆಂಗಳೂರಿಗೆ! ಎಚ್‌ಆರ್‌ನವರು ಕರೆದು, ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ ಅನ್ನುವ ಕಾಗದ ಮುಂದಿಟ್ಟರು. ಕಂಪನಿಯ ನೌಕರರೇ ಆರಿಸುವ ಮಂಡಳಿ, ಅಂದರೆ ಬೆಟ್ರೀಬ್ಸ್‌ರಾಟ್‌ನ ಹೆಂಗಸೊಬ್ಬರು ಮೊದಲೇ ಹೇಳಿದ್ದರು, ನನಗೆ ತೋರಿಸದೆ ಸಹಿ ಹಾಕಬೇಡಿ ಅಂತ. ಸುಮ್ನೆ ಜಗಳ ಯಾಕೆ ಅಂತ ಹಾಕಿಬಿಟ್ಟೆ. ನಿರುದ್ಯೋಗ ಭತ್ಯೆ ಕೇಳಲು ಹೋದರೆ, ನೀವಾಗಿಯೇ ಬಿಟ್ಟಿದ್ದೀರಿ, 12 ವಾರ ಏನೂ ಸಿಗಲ್ಲ ಅಂದರು. ಕಾನೂನೇ ಹಾಗಿದೆ. ಕಂಪನಿಯೇ ತೆಗೆದುಹಾಕಿದ್ದರೆ ಮೊದಲು ಮಂಡಳಿಯ ಅಭಿಪ್ರಾಯ ಕೇಳಲೇಬೇಕಿತ್ತು, ನನಗೂ ಕೋರ್ಟಿಗೆ ಹೋಗಲು 3 ವಾರ ಇರುತ್ತಿತ್ತು. ಪಕ್ಕದ ಮೇಜಿನ ಜರ್ಮನ್ ಸಹಿ ಹಾಕಲಿಲ್ಲ, ಬೇರೆ ವಿಭಾಗದಲ್ಲಿ ಉಳಿದುಕೊಂಡ.

ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ, "ಯೂನಿಯನ್‌ನವರನ್ನ ಕೇಳಿದ್ಯಾ?" ಇಲ್ಲಿ ಅದೆಲ್ಲ ಇಲ್ಲಪ್ಪ ಅಂದೆ. ಸುಳ್ಳು ಹೇಳಿದೆ. ಅವರು ಹೋಗುವವರೆಗೂ ಸರಿಪಡಿಸಲಿಲ್ಲ.

ಹಾಗಂತ ಇಲ್ಲಿನ ಯೂನಿಯನ್ ಪವಾಡ ಮಾಡುತ್ತದೆ ಅಂದುಕೊಳ್ಳಬೇಡಿ. 1991ರಲ್ಲಿ ಇಲ್ಲಿನ ಯೂನಿಯನ್‌ಗಳ ದೊಡ್ಡ ಒಕ್ಕೂಟ ಡಿಜಿಬಿಯಲ್ಲಿ 1 ಕೋಟಿ 18 ಲಕ್ಷ ಜನರಿದ್ದರು, ಈಗ ಅದರ ಅರ್ಧವೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆಗಳಿಗೆ ಬೀಗ ಬೀಳದಂತೆ ಯೂನಿಯನ್‌ನವರು ತಡೆದರು ನಿಜ, ಆದರೆ 2030ರೊಳಗೆ 35,000 ಕೆಲಸ ಕಡಿಮೆ ಮಾಡಲು ಒಪ್ಪಲೇಬೇಕಾಯಿತು. ಕೆಲಸ ಹೊರದೇಶಕ್ಕೆ ಹೋಗುತ್ತದೆ ಅನ್ನುವ ಹೆದರಿಕೆ ಎದುರಿಗಿದ್ದರೆ ಗಟ್ಟಿ ದನಿಯೂ ತಗ್ಗುತ್ತದೆ.

ಮಂಡಳಿಗೆ ದುಡ್ಡು ಕೊಡಬೇಕಿಲ್ಲ, ಅದು ನೌಕರರೆಲ್ಲ ಸೇರಿ ಆರಿಸುವುದು. 1% ಕೇಳುವುದು ಯೂನಿಯನ್. ನಿಮ್ಮದು ಕಾರಿನ ಕಂಪನಿ ಆದ್ದರಿಂದ ಐಜಿ ಮೆಟಾಲ್ ಅನ್ನುವ ಯೂನಿಯನ್. ಸೇರಿ 3 ತಿಂಗಳಾದ ಮೇಲೆಯೇ ವಕೀಲರ ನೆರವು ಸಿಗೋದು, ಅದಕ್ಕೇ ಬಂದ ಮೊದಲ ತಿಂಗಳಲ್ಲೇ ಸೇರಿಕೊಳ್ಳಿ.